ಫ್ಲೀಟ್‌ವುಡ್ ಮ್ಯಾಕ್‌ನ ‘ಟಸ್ಕ್’: ಹುಚ್ಚಾಟವೋ, ಅವರ ಅತಿ ಒಳ್ಳೆಯ ಆಲ್ಬಮ್ಮೋ?

ಸೂಜಿಮುಳ್ಳು

‘ಟಸ್ಕ್’ ವಿಷಯ ಬಂದರೆ ಸಾಕು, ಎಲ್ಲರೂ ದುಡ್ಡಿನ ಲೆಕ್ಕ ತೆಗೆಯುತ್ತಾರೆ. ಖರ್ಚು ಹತ್ತು ಲಕ್ಷ ಡಾಲರ್ ದಾಟಿತು, ಹಿಂದಿನ ಆಲ್ಬಮ್ ‘ರೂಮರ್ಸ್’ ಕೋಟಿ ಪ್ರತಿಗೂ ಜಾಸ್ತಿ ಮಾರಾಟವಾಗಿತ್ತು, ಇದು 40 ಲಕ್ಷದ ಆಸುಪಾಸಿನಲ್ಲಿ ನಿಂತಿತು, ರೆಕಾರ್ಡ್ ಕಂಪನಿಯವರು ತಲೆ ಮೇಲೆ ಕೈ ಹೊತ್ತು ಕೂತರು, ಹೀಗೆ. ಹಾಡುಗಳು ಹೇಗಿವೆ ಅಂತ ಕೇಳಿ ನೋಡಿ, ಅರ್ಧ ಜನ ಪೂರ್ತಿ ಕೇಳಿಯೇ ಇರುವುದಿಲ್ಲ. ಇಲ್ಲಿ ಹಾಡಿನ ಬಗ್ಗೆ ಮಾತಾಡೋಣ ಅಂತ ಶುರು ಮಾಡಿದ್ದೇನೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. 1967ರಲ್ಲಿ ಲಂಡನ್ನಿನಲ್ಲಿ ಪೀಟರ್ ಗ್ರೀನ್ ಕಟ್ಟಿದ ಬ್ಲೂಸ್ ತಂಡ ಇದು. ಆಮೇಲೆ ಎಷ್ಟು ಜನ ಬಂದರು, ಎಷ್ಟು ಜನ ಹೋದರು ಅಂತ ಹೇಳಹೊರಟರೆ ಇವತ್ತು ಮುಗಿಯುವುದಿಲ್ಲ. 70ರ ದಶಕದ ನಡುವೆ ಅಮೆರಿಕದ ಗಿಟಾರ್ ವಾದಕ ಲಿಂಡ್ಸಿ ಬಕಿಂಗ್‌ಹ್ಯಾಮ್, ಗಾಯಕಿ ಸ್ಟೀವಿ ನಿಕ್ಸ್ ಸೇರಿಕೊಂಡರು. ಡ್ರಮ್ಸ್‌ಗೆ ಮಿಕ್ ಫ್ಲೀಟ್‌ವುಡ್, ಬೇಸ್‌ಗೆ ಜಾನ್ ಮ್ಯಾಕ್‌ವೀ, ಕೀಬೋರ್ಡ್‌ಗೆ ಕ್ರಿಸ್ಟೀನ್ ಮ್ಯಾಕ್‌ವೀ. 1977ರ ‘ರೂಮರ್ಸ್’ ಅಮೆರಿಕದ ಪಟ್ಟಿಯಲ್ಲಿ 31 ವಾರ ಮೊದಲ ಸ್ಥಾನದಲ್ಲಿತ್ತು. ಅದೇ ಥರದ್ದು ಇನ್ನೊಂದು ಮಾಡಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಮಾಡಿದ್ದು 20 ಹಾಡಿನ, ಎರಡು ತಟ್ಟೆಯ ಜೋಡಿ ಆಲ್ಬಮ್. ಬಂದದ್ದು 1979ರ ಅಕ್ಟೋಬರ್‌ನಲ್ಲಿ.

ನನ್ನ ವಾದ ಇಷ್ಟೇ. ‘ಟಸ್ಕ್’ನ ಸಾಹಸ ಅಂದರೆ ಬಕಿಂಗ್‌ಹ್ಯಾಮ್‌ನ ಒರಟು ಹಾಡುಗಳು ಅಂತ ಎಲ್ಲರೂ ಬರೆಯುತ್ತಾರೆ. ಆ ಒಂಬತ್ತನ್ನೇ ಬೇರೆ ತೆಗೆದು ಒಟ್ಟಿಗೆ ಕೇಳಿ, ಅರ್ಧಕ್ಕೇ ಸುಸ್ತಾಗುತ್ತದೆ. ಕ್ರಿಸ್ಟೀನ್ ಬರೆದ ಆರು, ಸ್ಟೀವಿ ಬರೆದ ಐದು ಅವುಗಳ ಅಕ್ಕಪಕ್ಕ ಇರುವುದಕ್ಕೇ ಅದಕ್ಕೆ ಆ ಮಜಾ. ಮೊದಲ ಸೈಡ್ ನೋಡಿ. ‘ಓವರ್ ಅಂಡ್ ಓವರ್’ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಶುರುವಾಗುತ್ತದೆ. ಇಷ್ಟು ದೊಡ್ಡ ಗೆಲುವಿನ ನಂತರದ ಆಲ್ಬಮ್ಮನ್ನು ಇಷ್ಟು ಮೆತ್ತಗೆ ಶುರು ಮಾಡುವುದೇ ಒಂದು ಧೈರ್ಯ. ಅದು ಮುಗಿಯುತ್ತಿದ್ದಂತೆ ‘ದ ಲೆಡ್ಜ್’ ಧಡಕ್ಕನೆ ಬಂದು ಬೀಳುತ್ತದೆ. ಎರಡು ನಿಮಿಷದ ಹಾಡು. ಬೇಸೋ ಗಿಟಾರೋ ಗೊತ್ತಾಗದ ಒಂದು ದಪ್ಪ ಸದ್ದು, ಹಿಂದೆ ಗೊಣಗುವ ಧ್ವನಿಗಳು, ಪದ ಕೂಡ ಸರಿಯಾಗಿ ಕಿವಿಗೆ ಬೀಳುವುದಿಲ್ಲ. ಅರೆ ಇದೇನು ಅನ್ನುವಷ್ಟರಲ್ಲಿ ‘ಥಿಂಕ್ ಅಬೌಟ್ ಮಿ’, ರೇಡಿಯೋಗೆ ಅಂತಲೇ ಮಾಡಿದಂಥ ಹಾಡು. ಕಿವಿಗೆ ಯಾವ ರೂಢಿಯೂ ಅಂಟಿಕೊಳ್ಳಲು ಬಿಡುವುದಿಲ್ಲ ಈ ಆಲ್ಬಮ್.

ನಿಮಗೆ ಏನನ್ನಿಸುತ್ತದೆ ಹೇಳಿ. ‘ರೂಮರ್ಸ್’ ಇದಕ್ಕಿಂತ ಚೆನ್ನಾಗಿದೆ ಅನ್ನುವವರೂ ಬನ್ನಿ, ಜಗಳ ಆಡೋಣ.

ರೂಮರ್ಸೇ ಸಾಕು

ಕರೆದಿರಲ್ಲ, ಬಂದೆ.

ಗುರುಗಳೇ, ಧೈರ್ಯ ಬೇರೆ, ಒಳ್ಳೆ ಹಾಡು ಬೇರೆ. ‘ರೂಮರ್ಸ್’ನಲ್ಲಿ ಒಂದೇ ಒಂದು ಸೆಕೆಂಡ್ ತೆಗೆದು ಹಾಕಿ ಅಂದರೆ ನನ್ನ ಕೈಲಿ ಆಗುವುದಿಲ್ಲ. ‘ಟಸ್ಕ್’ನಲ್ಲಿ ಅರ್ಧ ಗಂಟೆ ತೆಗೆದರೂ ಯಾರಿಗೂ ಗೊತ್ತಾಗುವುದಿಲ್ಲ. 70 ನಿಮಿಷಕ್ಕೂ ಜಾಸ್ತಿ ಇದೆ ಅದು! ‘ನಾಟ್ ದಟ್ ಫನ್ನಿ’, ‘ಐ ನೋ ಐಯಾಮ್ ನಾಟ್ ರಾಂಗ್’ ಎರಡೂ ಬೇಕಿತ್ತಾ? ಒಂದರ ಸಾಲು ಇನ್ನೊಂದರಲ್ಲೂ ಬರುತ್ತದೆ. ಒಂದು ಹಾಡಿನ ಎರಡು ಕರಡು ಅವು. ಯಾವುದು ಚೆನ್ನಾಗಿದೆ ಅಂತ ತೀರ್ಮಾನ ಮಾಡೋಕೆ ಆಗದೆ ಎರಡನ್ನೂ ಹಾಕಿದ್ದಾರೆ. ಕೈತುಂಬ ಹಣ ಇದ್ದು, ಬೇಡ ಅನ್ನುವವರು ಯಾರೂ ಇಲ್ಲದಿದ್ದರೆ ಹೀಗೇ ಆಗುವುದು.

12 ಹಾಡು ಇಟ್ಟುಕೊಂಡು ಒಂದೇ ತಟ್ಟೆಯಲ್ಲಿ ಬಿಟ್ಟಿದ್ದರೆ ಇವತ್ತು ‘ಟಸ್ಕ್’ ಪರವಾಗಿ ಯಾರೂ ವಾದ ಮಾಡಬೇಕಾಗಿರಲಿಲ್ಲ.

ಶಾಲ್ಮಲೆ

ಆ 12 ಯಾವುವು ಅಂತ ಬರೀರಿ ನೋಡೋಣ. ಇದೇ ಮಾತನ್ನು ಬಹಳ ಜನ ಹೇಳುತ್ತಾರೆ, ಪಟ್ಟಿ ಕೇಳಿದರೆ ಒಬ್ಬರದ್ದು ಇನ್ನೊಬ್ಬರಿಗೆ ಹೊಂದುವುದಿಲ್ಲ. ‘ಸ್ಟಾರ್ಮ್ಸ್’ ಬಿಟ್ಟಿದ್ದರೆ ಮಾತ್ರ ನನ್ನ ನಿಮ್ಮ ಮಾತುಕತೆ ಇಲ್ಲಿಗೇ ಮುಗಿಯಿತು.

ರೂಮರ್ಸೇ ಸಾಕು

ತಗೊಳ್ಳಿ ಮೇಡಂ. ಓವರ್ ಅಂಡ್ ಓವರ್, ಥಿಂಕ್ ಅಬೌಟ್ ಮಿ, ಸೇವ್ ಮಿ ಎ ಪ್ಲೇಸ್, ಸಾರಾ, ವಾಟ್ ಮೇಕ್ಸ್ ಯೂ ಥಿಂಕ್ ಯು ಆರ್ ದ ಒನ್, ಸಿಸ್ಟರ್ಸ್ ಆಫ್ ದ ಮೂನ್, ಏಂಜೆಲ್, ಬ್ರೌನ್ ಐಸ್, ಐ ನೋ ಐಯಾಮ್ ನಾಟ್ ರಾಂಗ್, ಬ್ಯೂಟಿಫುಲ್ ಚೈಲ್ಡ್, ಟಸ್ಕ್, ನೆವರ್ ಫರ್ಗೆಟ್. ಮುಗೀತು.

ಹೌದು, ‘ಸ್ಟಾರ್ಮ್ಸ್’ ಇಲ್ಲ. ಬೈಯಿರಿ.

ಶಾಲ್ಮಲೆ

ಬೈಯುವುದಿಲ್ಲ, ಹೇಳುತ್ತೇನೆ. ಸ್ಟೀವಿ ನಿಕ್ಸ್ ಅಂದರೆ ಜನಕ್ಕೆ ಶಾಲು, ಉದ್ದ ಲಂಗ, ಮಾಟಗಾತಿ ವೇಷ ಇಷ್ಟೇ. ‘ಸ್ಟಾರ್ಮ್ಸ್’ನಲ್ಲಿ ಅದು ಯಾವುದೂ ಇಲ್ಲ. ಪಕ್ಕದಲ್ಲಿ ಕೂತು ಹೇಳುವಷ್ಟು ಸಣ್ಣ ದನಿಯಲ್ಲಿ ಹಾಡಿದ್ದಾರೆ. ಗಿಟಾರ್ ಒಂದೊಂದೇ ತಂತಿ ಬಿಡಿಸಿ ನುಡಿಸುತ್ತದೆ, ಹಿಂದೆ ಉಳಿದವರ ಧ್ವನಿ ಮಂಜಿನ ಥರ ಬಂದು ಹೋಗುತ್ತದೆ. ಮುರಿದ ಸಂಬಂಧದ ಹಾಡು, ಆದರೆ ಯಾರನ್ನೂ ದೂರುವುದಿಲ್ಲ. ನಾನೂ ನೆಮ್ಮದಿ ಕೊಡುವ ಪೈಕಿ ಅಲ್ಲ ಅಂತ ಒಪ್ಪಿಕೊಳ್ಳುತ್ತಾಳೆ. ಈಗ ಇದು ಎಲ್ಲಿದೆ ನೋಡಿ. ಹಿಂದಿನ ಹಾಡು ‘ವಾಟ್ ಮೇಕ್ಸ್ ಯೂ ಥಿಂಕ್…’, ಬಕಿಂಗ್‌ಹ್ಯಾಮ್ ಗಂಟಲು ಹರಿಯುವ ಹಾಗೆ ಕೂಗಿ ರೇಗಿಸುವ ಹಾಡು. ಹಳೇ ಪ್ರೇಮಿಗಳಿಬ್ಬರು, ಒಬ್ಬ ಕೂಗಿದ ಮೇಲೆ ಇನ್ನೊಬ್ಬಳು ಮೆಲ್ಲಗೆ ಮಾತಾಡಿದ ಹಾಗೆ. ಅವರು ಹಾಗೆಂದೇ ಜೋಡಿಸಿದರೋ ಇಲ್ಲವೋ, ಕೇಳುವವರಿಗೆ ಆಗುವುದು ಅದೇ. ನಿಮ್ಮ 12ರಲ್ಲಿ ಕೂಗಾಟ ಉಳಿಯಿತು, ಉತ್ತರ ಹೋಯಿತು.

ಇನ್ನು ‘ಸಾರಾ’. ಸ್ಟೀವಿ ಹೇಳಿರುವ ಪ್ರಕಾರ ಅದರ ಮೊದಲ ಡೆಮೋ (ಕರಡು ರೆಕಾರ್ಡಿಂಗ್) 16 ನಿಮಿಷ ಇತ್ತು. ಆಲ್ಬಮ್‌ನಲ್ಲಿ ಆರು ನಿಮಿಷ ದಾಟುತ್ತದೆ. ಮೊದಲು ಸಿಡಿ ಬಂದಾಗ ಒಂದೇ ತಟ್ಟೆಗೆ ಎಲ್ಲಾ ತುರುಕಬೇಕು ಅಂತ ಅದನ್ನೇ ಕತ್ತರಿಸಿ, ಸಿಂಗಲ್ಲಿನ (ಒಂದು ಹಾಡನ್ನೇ ಬೇರೆಯಾಗಿ ಬಿಟ್ಟ ರೆಕಾರ್ಡಿನ) ಗಿಡ್ಡ ರೂಪ ಹಾಕಿದರು. ಹಳೇ ಸಿಡಿ ಇರುವವರು ಒಮ್ಮೆ ನೋಡಿಕೊಳ್ಳಿ, ನಿಮ್ಮ ‘ಸಾರಾ’ ಐದು ನಿಮಿಷದೊಳಗೆ ಮುಗಿದರೆ ನೀವು ಪೂರ್ತಿ ಹಾಡು ಕೇಳಿಲ್ಲ. ಕೊನೆಯಲ್ಲಿ ಧ್ವನಿಗಳು ಒಂದರ ಮೇಲೊಂದು ಏರುವ ಭಾಗ ಬೇಕಾದರೆ ಎಲ್‌ಪಿಗೋ ಆಮೇಲಿನ ಮರುಮುದ್ರಣಕ್ಕೋ ಹೋಗಬೇಕು.

ಟೇಪ್ ತಿರುಗು

ಸದ್ದಿನ ಕೆಲಸ ಮಾಡುವವನು ನಾನು, ಅದರ ಬಗ್ಗೆ ನಾಲ್ಕು ಮಾತು.

‘ಒರಟು’ ಅನ್ನುತ್ತಾರಲ್ಲ, ಅದು ಸುಮ್ನೆ ಆಗಿದ್ದಲ್ಲ. ಲಾಸ್ ಏಂಜಲೀಸ್‌ನ ವಿಲೇಜ್ ರೆಕಾರ್ಡರ್ ಅನ್ನುವ ಸ್ಟುಡಿಯೋದಲ್ಲಿ ಇವರಿಗೋಸ್ಕರವೇ ‘ಸ್ಟುಡಿಯೋ ಡಿ’ ಅಂತ ಹೊಸದಾಗಿ ಕಟ್ಟಿದರು. ಆಗಿನ ಕಾಲಕ್ಕೆ ಸಿಗುವ ಅತಿ ಒಳ್ಳೆಯ ಸಲಕರಣೆ ಎಲ್ಲಾ ಅಲ್ಲಿತ್ತು. ಖರ್ಚಿನಲ್ಲಿ ಅದರ ಪಾಲೂ ಇತ್ತು. ಅಂಥ ಜಾಗದಲ್ಲಿ ಕೂತು ಬಕಿಂಗ್‌ಹ್ಯಾಮ್ ಮಾಡಿದ್ದೇನು? ಮನೆಯಲ್ಲಿ ತಾನೊಬ್ಬನೇ ರೆಕಾರ್ಡ್ ಮಾಡಿದ ಟೇಪ್‌ಗಳನ್ನು ತಂದ. ಟಿಶ್ಯೂ ಪೇಪರ್ ಡಬ್ಬ ಬಡಿದು ಡ್ರಮ್ ಅಂದ. ಬಚ್ಚಲುಮನೆಯ ಟೈಲ್ಸ್ ನೆಲಕ್ಕೆ ಮೈಕ್ ಅಂಟಿಸಿ, ದಂಡ ಹೊಡೆಯುವವರ ಹಾಗೆ ಅದರ ಮೇಲೆ ಬಗ್ಗಿ ಹಾಡಿದ. ‘ನಾಟ್ ದಟ್ ಫನ್ನಿ’ಯ ಧ್ವನಿ ಹಾಗೆ ಬಂದದ್ದು, ಎಂಜಿನಿಯರ್ ಕೆನ್ ಕ್ಯಾಲೇ ಇದನ್ನು ಹೇಳಿದ್ದಾರೆ. ಒಮ್ಮೆ ನೀವೂ ಮಾಡಿ ನೋಡಿ. ಕೈ ನಡುಗುತ್ತದೆ, ಹೊಟ್ಟೆ ಬಿಗಿಯುತ್ತದೆ, ಉಸಿರು ಗಂಟಲಲ್ಲೇ ನಿಲ್ಲುತ್ತದೆ, ಧ್ವನಿ ತಾನಾಗಿ ಕಿರುಚುತ್ತದೆ. ಟೈಲ್ಸ್‌ನಿಂದ ಸದ್ದು ತಕ್ಷಣ ವಾಪಸ್ ಬರುತ್ತದೆ. ಇದನ್ನು ಯಾವ ಯಂತ್ರದ ಗುಂಡಿ ತಿರುಗಿಸಿದರೂ ತರೋಕೆ ಆಗುವುದಿಲ್ಲ.

‘ವಾಟ್ ಮೇಕ್ಸ್ ಯೂ ಥಿಂಕ್…’ ಹಾಡಿನ ಡ್ರಮ್ಸ್ ಅಷ್ಟೊಂದು ಒಡೆದ ಹಾಗೆ ಕೇಳುವುದೂ ಇಂಥದ್ದೇ ಕಾರಣಕ್ಕೆ. ಸಾಮಾನ್ಯ ಕ್ಯಾಸೆಟ್ ಪ್ಲೇಯರ್ ಒಂದರ ಮೈಕನ್ನೇ ಡ್ರಮ್ಸ್‌ಗೆ ಬಳಸಿದರು. ಆ ಥರದ ಪ್ಲೇಯರ್‌ಗಳಲ್ಲಿ ಸದ್ದು ಜಾಸ್ತಿ ಆದರೆ ತಾನೇ ಅದುಮಿ ಹಿಡಿಯುವ ವ್ಯವಸ್ಥೆ ಇರುತ್ತದೆ. ಹೊಡೆತ ಬಿದ್ದಾಗ ಅದುಮಿ, ಹೊಡೆತ ಇಲ್ಲದಾಗ ಬಿಡುತ್ತದೆ. ಅದಕ್ಕೇ ಡ್ರಮ್ಸ್ ಉಸಿರಾಡಿದ ಹಾಗೆ ಕೇಳಿಸುತ್ತದೆ. ಹೆಡ್‌ಫೋನ್ ಹಾಕಿ, ಹಾಡುವುದು ನಿಂತ ಕಡೆ ಡ್ರಮ್ಸ್ ಮಾತ್ರ ಕೇಳಿ.

ಇನ್ನೊಂದು. ಅದೇ ಆಲ್ಬಮ್‌ನಲ್ಲಿ ಕ್ರಿಸ್ಟೀನ್, ಸ್ಟೀವಿ ಹಾಡುಗಳ ಸದ್ದು ಎಷ್ಟು ಸ್ವಚ್ಛವಾಗಿದೆ! ಕ್ಯಾಲೇ, ಅವರ ಜೊತೆ ರೆಕಾರ್ಡಿಂಗ್ ನೋಡಿಕೊಂಡ ರಿಚರ್ಡ್ ಡ್ಯಾಶಟ್ ಇಬ್ಬರಿಗೂ ನುಣುಪು ಮಾಡುವುದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಒರಟು ಇರುವ ಕಡೆ ಅದು ಬೇಕೆಂದೇ ಇದೆ ಅಂತ ಕೇಳುವವರಿಗೆ ತಿಳಿಯುತ್ತದೆ. ಸೂಜಿಮುಳ್ಳು ಹೇಳಿದ ಅಕ್ಕಪಕ್ಕದ ಮಾತು ನನ್ನ ಪ್ರಕಾರವೂ ಸರಿ.

ಬೇಸ್ ಬಸವ

ಎಲ್ಲಾ ಸರಿ, ಆದರೆ ನನ್ನದೊಂದು ತಕರಾರು ಇದೆ, ಅದನ್ನು ಯಾರೂ ಎತ್ತುತ್ತಿಲ್ಲ.

ತಂಡದ ಹೆಸರೇ ಫ್ಲೀಟ್‌ವುಡ್, ಮ್ಯಾಕ್‌ವೀ ಇವರಿಬ್ಬರದ್ದು. ರಾಕ್‌ನಲ್ಲಿ ಇವರಿಗಿಂತ ಚೆನ್ನಾಗಿ ಹೊಂದಿಕೊಂಡ ಡ್ರಮ್ಸ್ ಬೇಸ್ ಜೋಡಿ ಬೆರಳೆಣಿಕೆಯಷ್ಟು. ಅಂಥವರನ್ನು ಪಕ್ಕಕ್ಕೆ ಕೂರಿಸಿ ಒಬ್ಬ ಮನುಷ್ಯ ಮನೆಯಲ್ಲಿ ಡಬ್ಬ ಬಡಿದು ಅದನ್ನು ತಂಡದ ಆಲ್ಬಮ್ ಅಂತ ಕೊಡುತ್ತಾನೆ. ಇದು ಸಾಹಸವಾ, ಸ್ವಾರ್ಥವಾ? ‘ಸಿಸ್ಟರ್ಸ್ ಆಫ್ ದ ಮೂನ್’ ಕೇಳಿ. ಜಾನ್ ಮ್ಯಾಕ್‌ವೀ ಜಾಸ್ತಿ ಸ್ವರ ಹಾಕುವುದೇ ಇಲ್ಲ. ಹಾಡು ಬಿಸಿಯಾಗುತ್ತಾ ಹೋದ ಹಾಗೆ ಅವರು ಇನ್ನೂ ಗಟ್ಟಿಯಾಗಿ ಒಂದೇ ಕಡೆ ಕಾಲೂರಿ ನಿಲ್ಲುತ್ತಾರೆ. ಅದಕ್ಕೇ ಕೊನೆಯ ಗಿಟಾರ್ ಹುಚ್ಚೆದ್ದು ಓಡಿದರೂ ಹಾಡು ಚೆಲ್ಲಾಪಿಲ್ಲಿ ಆಗುವುದಿಲ್ಲ. ‘ದ ಲೆಡ್ಜ್’ನಲ್ಲಿ ಆ ನೆಲವೇ ಇಲ್ಲ. ಕೇಳುವುದಕ್ಕೆ ಮಜಾ ಇದೆ ಅನ್ನಿ, ಆದರೆ ಅದು ಫ್ಲೀಟ್‌ವುಡ್ ಮ್ಯಾಕ್ ಅಲ್ಲ.

ಬಕಿಂಗ್‌ಹ್ಯಾಮ್ ಪಂಕ್, ನ್ಯೂ ವೇವ್ ಅನ್ನುವ ಆಗಿನ ಹೊಸ ಥರದ ರಾಕ್ ಕೇಳಿ ತಲೆ ಕೆಡಿಸಿಕೊಂಡಿದ್ದ ಅನ್ನುವುದು ಗೊತ್ತಿರುವ ವಿಷಯ. ಟಾಕಿಂಗ್ ಹೆಡ್ಸ್, ಕ್ಲ್ಯಾಶ್ ಇವೆಲ್ಲ. ಕೂದಲನ್ನೂ ಕತ್ತರಿಸಿಕೊಂಡ. ಆದರೆ ಆ ತಂಡಗಳವರು ಒಟ್ಟಿಗೆ ಕೋಣೆಯಲ್ಲಿ ನಿಂತು ಬಾರಿಸುತ್ತಿದ್ದರು ಸ್ವಾಮಿ!

ಸೂಜಿಮುಳ್ಳು

ಬಸವ ಅವರೇ, ನಿಮ್ಮ ತಕರಾರಿನಲ್ಲಿ ತೂಕ ಇದೆ. ಆದರೆ ಅವನು ಕೇಳಿದ್ದು ಬರೀ ಪಂಕ್ ಅಲ್ಲ. ‘ದಟ್ಸ್ ಆಲ್ ಫಾರ್ ಎವ್ರಿಒನ್’ ಹಾಕಿ. ಅದರಲ್ಲಿ ಇರುವುದು ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್ ಪ್ರಭಾವ. ಧ್ವನಿಯ ಮೇಲೆ ಧ್ವನಿ, ಎಲ್ಲಾ ನಿಧಾನಕ್ಕೆ ತೇಲುತ್ತದೆ. ಒಬ್ಬನೇ ಕೂತು ಪದರ ಪದರವಾಗಿ ಕಟ್ಟುವ ಆಸೆ ಅಲ್ಲಿಂದ ಬಂದಿದ್ದು. ಪಂಕ್ ಅವನಿಗೆ ಕೊಟ್ಟಿದ್ದು ಒರಟಾಗಿ ಬಿಡುವ ಧೈರ್ಯ ಅಷ್ಟೇ. ಎರಡೂ ಒಂದೇ ತಲೆಯಲ್ಲಿ ಸೇರಿ ಈ ವಿಚಿತ್ರ ಆಗಿದೆ. 2012ರಲ್ಲಿ ಬಂದ ಗೌರವ ಆಲ್ಬಮ್ ಒಂದರಲ್ಲಿ ಒಬ್ಬನೇ ಕೂತು ಹಾಡು ಕಟ್ಟುವ ಆಸ್ಟ್ರೇಲಿಯಾದ ಟೇಮ್ ಇಂಪಾಲಾ ಹಾಡಿದ್ದು ಇದೇ ಹಾಡನ್ನು, ಅವರ ಸ್ವಂತ ಹಾಡೇ ಅನ್ನಿಸುವಷ್ಟು ಹೊಂದಿತು. ಮನೆಯಲ್ಲಿ ಒಬ್ಬರೇ ಕೂತು ಆಲ್ಬಮ್ ಮಾಡುವವರು ಇವತ್ತು ಎಲ್ಲಾ ಕಡೆ ಇದ್ದಾರೆ. 1979ರಲ್ಲಿ ಇಷ್ಟು ದೊಡ್ಡ ತಂಡದವನೊಬ್ಬ ಹಾಗೆ ಮಾಡುವುದು ಎಲ್ಲಿತ್ತು?

ಮತ್ತೆ ‘ಟಸ್ಕ್’ ಅನ್ನುವ ಹಾಡೇ ನಿಮ್ಮ ಜೋಡಿಯದ್ದಲ್ವಾ?

ಬೇಸ್ ಬಸವ

ಅದರಲ್ಲಿ ಮಾತೇ ಇಲ್ಲ. ಕಛೇರಿಗೆ ಮುಂಚೆ ಮೈಕ್ ಪರೀಕ್ಷೆ ಮಾಡುವಾಗ ಬಾರಿಸುತ್ತಿದ್ದ ತುಣುಕು ಅದು. ಅದನ್ನೇ ಟೇಪ್ ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ತಿರುಗುವ ಹಾಗೆ ಮಾಡಿ, ಹಾಡು ಕಟ್ಟಿದರು. ಆದರೆ ಅದರ ವಿಡಿಯೋ ನೋಡಿದ್ದೀರಾ? ಜಾನ್ ಮ್ಯಾಕ್‌ವೀ ಇಲ್ಲವೇ ಇಲ್ಲ! ಮನುಷ್ಯ ತಹಿತಿಯಲ್ಲಿದ್ದ. ಆಳೆತ್ತರದ ರಟ್ಟಿನ ಚಿತ್ರ ಮಾಡಿಸಿ ಮಿಕ್ ಫ್ಲೀಟ್‌ವುಡ್ ಅದನ್ನು ಕಂಕುಳಲ್ಲಿ ಹೊತ್ತು ತಿರುಗುತ್ತಾನೆ. ನನ್ನ ದೂರಿಗೆ ಇದಕ್ಕಿಂತ ಸಾಕ್ಷಿ ಬೇಕಾ?

ಬ್ಯಾಂಡ್‌ಸೆಟ್ ಮೈಸೂರು

ಆ ಹಾಡಿನ ವಿಷಯ ಬಂತಲ್ಲ, ನಾನು ಬರೀಲೇಬೇಕು. ಹದಿಮೂರನೇ ವಯಸ್ಸಿನಿಂದ ಟ್ರಂಪೆಟ್ ಊದುತ್ತಿದ್ದೇನೆ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ರೋಜನ್ ಮಾರ್ಚಿಂಗ್ ಬ್ಯಾಂಡ್ ಅದು, ನೂರಕ್ಕೂ ಜಾಸ್ತಿ ಹುಡುಗ ಹುಡುಗಿಯರು. 1979ರ ಜೂನ್‌ನಲ್ಲಿ ಖಾಲಿ ಡಾಡ್ಜರ್ ಸ್ಟೇಡಿಯಂನಲ್ಲಿ ನಿಲ್ಲಿಸಿ ಊದಿಸಿದರು. ಬೇಸ್‌ಬಾಲ್ ಆಡುವ ಜಾಗ. ಇಂಥದ್ದೊಂದು ಬ್ಯಾಂಡ್ ಸೇರಿಸಬೇಕು ಅನ್ನುವ ಯೋಚನೆ ಮಿಕ್ ಫ್ಲೀಟ್‌ವುಡ್‌ದು. ಫ್ರಾನ್ಸ್‌ನ ನಾರ್ಮಂಡಿಯ ಒಂದು ಊರಲ್ಲಿದ್ದಾಗ ಬೀದಿಯಲ್ಲಿ ಹೋಗುತ್ತಿದ್ದ ಬ್ಯಾಂಡ್ ಕೇಳಿ ಹೊಳೆದದ್ದಂತೆ.

ಬಯಲಲ್ಲಿ ಊದುವುದು ಎಷ್ಟು ಕಷ್ಟ ಅನ್ನುವುದು ಊದಿದವರಿಗೇ ಗೊತ್ತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಮೀಟರ್ ಆಚೆ ನಿಂತವನ ಸ್ವರ ನನ್ನ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ ಆಗಿರುತ್ತದೆ. ಕಿವಿ ನಂಬಿ ಊದಿದರೆ ಎಲ್ಲರೂ ಹಿಂದೆ ಬೀಳುತ್ತೇವೆ, ಅದಕ್ಕೇ ಕಣ್ಣು ಮುಂದಾಳಿನ ಕೈ ಮೇಲಿರಬೇಕು. ಇಷ್ಟಾದರೂ ಸ್ವಲ್ಪ ಚದುರಿಯೇ ಚದುರುತ್ತದೆ. ‘ಟಸ್ಕ್’ನಲ್ಲಿ ಬ್ಯಾಂಡ್ ಬರುವ ಕಡೆ ಸ್ವರದ ಅಂಚು ಸ್ವಲ್ಪ ಮಸುಕಾಗಿ, ಅಗಲವಾಗಿ ಕೇಳುತ್ತದಲ್ಲ, ಅದು ಬಯಲಿನ ಗುಣ. ಸ್ಟುಡಿಯೋದಲ್ಲಿ ನಾಲ್ಕು ಜನರನ್ನು ಕೂರಿಸಿ ಊದಿಸಿದ್ದರೆ ಚಾಕುವಿನಷ್ಟು ಚೂಪಾಗಿರುತ್ತಿತ್ತು, ಆದರೆ ಈ ಗಾತ್ರ ಬರುತ್ತಿರಲಿಲ್ಲ. ದಸರಾ ಪಂಜಿನ ಕವಾಯತಿನಲ್ಲಿ ಪೊಲೀಸ್ ಬ್ಯಾಂಡನ್ನು ಮೈದಾನದ ಆಚೆ ತುದಿಯಿಂದ ಕೇಳಿದವರಿಗೆ ನಾನು ಹೇಳುವ ಅಗಲ ಏನು ಅಂತ ತಕ್ಷಣ ಗೊತ್ತಾಗುತ್ತದೆ.

ಹಾಡಿನ ರಚನೆಯೂ ಹಾಗೇ. ಶುರುವಿನಲ್ಲಿ ಪಿಸುಗುಟ್ಟುತ್ತಾನೆ, ಯಾರಿಗೋ ಕೇಳಬಾರದು ಅನ್ನುವ ಹಾಗೆ. ಕೆಳಗೆ ಡ್ರಮ್ಸ್ ಒಂದೇ ಸಮ. ಸಾಲುಗಳೂ ನಾಲ್ಕೈದೇ, ಎಲ್ಲಾ ಅನುಮಾನದ ಪ್ರಶ್ನೆಗಳು. ಆಮೇಲೆ ಬ್ಯಾಂಡ್ ಒಮ್ಮೆಗೇ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಒಬ್ಬನ ತಲೆಯೊಳಗಿನ ಅನುಮಾನ ಮೆರವಣಿಗೆ ಹೊರಟ ಹಾಗೆ. ಇದು ಅಮೆರಿಕದಲ್ಲಿ 8ನೇ ಸ್ಥಾನಕ್ಕೆ ಹೋದ ಸಿಂಗಲ್ ಅಂದರೆ ಈಗಲೂ ನಂಬೋಕೆ ಆಗುವುದಿಲ್ಲ. ಆ ವಿಶ್ವವಿದ್ಯಾಲಯದ ಬ್ಯಾಂಡ್ ಈಗಲೂ ಫುಟ್‌ಬಾಲ್ ಪಂದ್ಯಗಳಲ್ಲಿ ಇದನ್ನು ಊದುತ್ತದೆ.

ಕಡಲತಡಿ

ಮಾರಾಯ್ರೆ, ಕುರಿಮರಿ ಮಾಂಸದ ವಿಷಯ ಯಾರೂ ಹೇಳಲಿಲ್ಲವಲ್ಲ! ಆ ಹಾಡಿನಲ್ಲಿ ಫ್ಲೀಟ್‌ವುಡ್ ಕುರಿಮರಿಯ ತೊಡೆ ಮಾಂಸಕ್ಕೆ ಸಟ್ಟುಗದಿಂದ ಬಡಿದ ಸದ್ದೂ ಇದೆ ಅಂತಾರೆ. ಯಾವ ಕಡೆ ಅಂತ ನನಗಂತೂ ಸಿಕ್ಕಿಲ್ಲ. ಸಿಕ್ಕಿದವರು ನಿಮಿಷ ಸೆಕೆಂಡ್ ಸಮೇತ ಹೇಳಿ.

ಟೇಪ್ ತಿರುಗು

ಅಷ್ಟು ಪದರಗಳ ಕೆಳಗೆ ಅದನ್ನು ಹುಡುಕುವುದು ದೇವರಾಣೆ ಸಾಧ್ಯವಿಲ್ಲ. ಹುಡುಕಿದ್ದೇನೆ ಅನ್ನುವವರನ್ನು ನಂಬಬೇಡಿ.

ರೂಮರ್ಸೇ ಸಾಕು

ನೋಡಿ, ಇದೇ ನಾನು ಹೇಳುವುದು. ಮಾಂಸ ಬಡಿದರಂತೆ, ಬಚ್ಚಲಲ್ಲಿ ಹಾಡಿದರಂತೆ, ಸ್ಟೇಡಿಯಂ ಬಾಡಿಗೆಗೆ ತಗೊಂಡರಂತೆ. ಕಥೆಗಳು ಚೆನ್ನಾಗಿವೆ. ಆ ಕಥೆ ಗೊತ್ತಿಲ್ಲದವನ ಕೈಗೆ ‘ದಟ್ಸ್ ಇನಫ್ ಫಾರ್ ಮಿ’ ಕೊಟ್ಟರೆ ಏನು ಹೇಳುತ್ತಾನೆ? ಎರಡು ನಿಮಿಷ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿ ಮುಗಿಯುತ್ತದೆ. ‘ಸಾಹಸ’ ಅನ್ನುವ ಹಣೆಪಟ್ಟಿ ಇಲ್ಲದಿದ್ದರೆ ಇದನ್ನು ಯಾರು ಎರಡನೇ ಸಲ ಕೇಳುತ್ತಿದ್ದರು?

ಮಾರಾಟದ ವಿಷಯದಲ್ಲಿ ನಿಮ್ಮ ಪರವಾಗಿ ಒಂದು ಮಾತು ಹೇಳುತ್ತೇನೆ. 40 ಲಕ್ಷ ಮಾರಿದ್ದನ್ನು ಸೋಲು ಅನ್ನುವುದು ಅನ್ಯಾಯ. ಬ್ರಿಟನ್ನಿನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ನಾಲ್ಕನೆಯದು. 79ರಲ್ಲಿ ಅಲ್ಲಿ ರೆಕಾರ್ಡ್ ವ್ಯಾಪಾರವೇ ಕುಸಿದಿತ್ತು. ಇದರ ಬೆಲೆ ಬೇರೆ 15.98 ಡಾಲರ್, ಆ ಕಾಲಕ್ಕೆ ಕೈ ಸುಡುವ ಬೆಲೆ. ಅದರ ಮೇಲೆ ಬಿಡುಗಡೆಗೆ ಮುಂಚೆ ಆರ್‌ಕೆಓ ರೇಡಿಯೋ ಜಾಲದವರು ಇಡೀ ಆಲ್ಬಮ್ ಹಾಕಿಬಿಟ್ಟರು. ಜನ ಕ್ಯಾಸೆಟ್ ಹಾಕಿಕೊಂಡು ರೆಕಾರ್ಡ್ ಮಾಡಿಕೊಂಡರು ಅಂತ ಫ್ಲೀಟ್‌ವುಡ್ ಈಗಲೂ ಅದನ್ನೇ ದೂರುತ್ತಾರೆ.

ಹೊಸ ಕಿವಿ

ಕಥೆ ಗೊತ್ತಿಲ್ಲದವನು ನಾನೇ ಸರ್. ನನಗೆ ಈ ಬ್ಯಾಂಡ್ ಗೊತ್ತಾಗಿದ್ದು ‘ಡ್ರೀಮ್ಸ್’ ಹಾಡಿನ ರೀಲ್ಸ್‌ನಿಂದ. ಈ ಚರ್ಚೆ ಓದುತ್ತಾ ಮೊದಲ ಸಲ ‘ಟಸ್ಕ್’ ಹಾಕಿದೆ, ಇನ್ನೂ ಮೂರನೇ ಸೈಡ್ ಹತ್ತಿರ ಇದ್ದೇನೆ. ‘ದಟ್ಸ್ ಇನಫ್ ಫಾರ್ ಮಿ’ ನನಗೆ ಇಷ್ಟ ಆಯಿತು! ಯಾಕೆ ಅಂತ ಕೇಳಿದರೆ ಗೊತ್ತಿಲ್ಲ, ನಗು ಬಂತು. ಬೇಜಾರಾಗಿದ್ದು ‘ನೆವರ್ ಮೇಕ್ ಮಿ ಕ್ರೈ’, ತುಂಬಾ ನಿಧಾನ. ‘ಬ್ರೌನ್ ಐಸ್’ ಮಾತ್ರ ಮತ್ತೆ ಮತ್ತೆ ಹಾಕುತ್ತಿದ್ದೇನೆ. ಅದರ ಬಗ್ಗೆ ಯಾರಾದರೂ ಹೇಳುತ್ತೀರಾ?

ಕಡಲತಡಿ

ಬನ್ನಿ ಬನ್ನಿ. ನಿಮ್ಮ ಕಿವಿ ಒಳ್ಳೆ ಕಡೆ ಹೋಗಿದೆ.

‘ಬ್ರೌನ್ ಐಸ್’ ಕೊನೆಗೆ ದೂರದಲ್ಲಿ ಒಂದು ಗಿಟಾರ್ ಕೇಳುತ್ತದಲ್ಲ, ಅದು ಪೀಟರ್ ಗ್ರೀನ್. ತಂಡ ಕಟ್ಟಿದ ಮನುಷ್ಯ. 1970ರಲ್ಲಿ ಬಿಟ್ಟು ಹೋದರು, ಆಮೇಲೆ ಮನಸ್ಸಿನ ಕಾಯಿಲೆಯಿಂದ ಬಹಳ ವರ್ಷ ಒದ್ದಾಡಿದರು. 79ರಲ್ಲಿ ಬಂದು ಇಷ್ಟು ಊದಿಕೊಟ್ಟು, ಅಲ್ಲ, ಮೀಟಿಕೊಟ್ಟು ಹೋದರು. ಕವರ್ ಮೇಲೆ ಹೆಸರೂ ಇಲ್ಲ. ಅವರು ಇರುವುದು ಕೆಲವೇ ಸೆಕೆಂಡ್. ಅದನ್ನು ಜೋರಾಗಿ ಮುಂದೆ ತಂದು, ನೋಡಿ ನಮ್ಮ ಹಳೇ ಗುರು ಬಂದರು ಅಂತ ಡಂಗುರ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಕ್ರಿಸ್ಟೀನ್ ಹಾಡಿನ ಗುಣವೇ ಅದು ಮಾರಾಯ್ರೆ, ಯಾವುದನ್ನೂ ಎತ್ತಿ ತೋರಿಸುವುದಿಲ್ಲ. ಆ ಹಾಡಿನಲ್ಲಿ ಅರ್ಧ ಭಾಗ ಪದವೇ ಇಲ್ಲ, ‘ಶಾ ಲಾ ಲಾ’ ಅಷ್ಟೇ, ಆದರೂ ಪ್ರೀತಿಯೋ ಭಯವೋ ಹೇಳಲಾಗದ ಒಂದು ಏನೋ ಇದೆ.

‘ಟಸ್ಕ್’ ಬಗ್ಗೆ ಬರೆಯುವವರು ಕ್ರಿಸ್ಟೀನ್ ಮ್ಯಾಕ್‌ವೀಯನ್ನು ಮರೆಯುತ್ತಾರೆ. ಬಕಿಂಗ್‌ಹ್ಯಾಮ್ ಹುಚ್ಚ, ಸ್ಟೀವಿ ಮಾಯಗಾತಿ, ಈ ಹೆಂಗಸು ಸುಮ್ನೆ ಒಳ್ಳೆ ಹಾಡು ಬರೆದರು ಅಂತ. ಅಲ್ಲ. ‘ಹನಿ ಹೈ’ ಕೇಳಿ. ಕೈಗೆ ಸಿಕ್ಕಿದ ತಾಳ, ಮೆತ್ತಗಿನ ಪಿಯಾನೋ, ಮೂರು ಧ್ವನಿ. ಹಾಡು ಎಲ್ಲಿಗೂ ಏರುವುದಿಲ್ಲ, ಇಳಿಯುವುದೂ ಇಲ್ಲ. ಇಷ್ಟು ಖಾಲಿ ಬಿಟ್ಟು ಹಾಡು ಮುಗಿಸುವುದೂ ಪ್ರಯೋಗವೇ. ಮೊದಲ ಹಾಡೂ ಅವರದ್ದೇ, ಕೊನೆಯ ‘ನೆವರ್ ಫರ್ಗೆಟ್’ ಕೂಡ ಅವರದ್ದೇ. ನಡುವಿನ ಗಲಾಟೆಗೆ ಆಚೆ ಈಚೆ ಬಾಗಿಲು ಇಟ್ಟವರು ಅವರು. 2022ರ ನವೆಂಬರ್‌ನಲ್ಲಿ ಹೋದರು. ಅವತ್ತು ರಾತ್ರಿ ನಾನು ಕೇಳಿದ್ದು ‘ರೂಮರ್ಸ್’ ಅಲ್ಲ, ಈ ಆಲ್ಬಮ್‌ನ ಅವರ ಹಾಡುಗಳನ್ನು.

ಶಾಲ್ಮಲೆ

‘ನೆವರ್ ಮೇಕ್ ಮಿ ಕ್ರೈ’ ನಿಧಾನ ಹೌದು. ‘ಬ್ಯೂಟಿಫುಲ್ ಚೈಲ್ಡ್’ ಇನ್ನೂ ನಿಧಾನ, ಆದರೆ ಅದರ ಕೊನೆಯಲ್ಲಿ ಎರಡು ಮೂರು ಸಾಲು ಒಂದರ ಮೇಲೊಂದು ಹಾಡುತ್ತಾರೆ ನೋಡಿ, ಅಲ್ಲಿಯವರೆಗೆ ತಾಳ್ಮೆ ಇಟ್ಟುಕೊಳ್ಳಿ.

ಕಡಲತಡಿ, ಬಾಗಿಲಿನ ಮಾತು ಚೆನ್ನಾಗಿದೆ. ಆದರೆ ಸ್ಟೀವಿಯನ್ನು ಮಾಯಗಾತಿ ಅಂದಿದ್ದಕ್ಕೆ ದಂಡ ಕಟ್ಟಬೇಕು.

ಬೇಸ್ ಬಸವ

ಇದಾದ ಮೇಲೆ ಏನಾಯಿತು ಅನ್ನುವುದನ್ನೂ ನೋಡಬೇಕಲ್ವಾ? ಉಳಿದವರು ಇನ್ನು ಈ ಥರ ಬೇಡ ಅಂದರು. 1982ರಲ್ಲಿ ‘ಮಿರಾಜ್’ ಬಂತು, ಮತ್ತೆ ನುಣುಪು. ಬಕಿಂಗ್‌ಹ್ಯಾಮ್‌ಗೆ ಅದರ ನೋವು ಉಳಿದೇ ಹೋಯಿತು. 81ರಲ್ಲಿ ಸ್ಟೀವಿ ಸ್ವಂತ ಆಲ್ಬಮ್ ‘ಬೆಲಾ ಡೊನಾ’ ಮಾಡಿದರು, ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಅವನೂ ‘ಲಾ ಅಂಡ್ ಆರ್ಡರ್’ ಮಾಡಿದ. ಅದನ್ನು ಕೇಳಿ, ಪೂರ್ತಿ ಅವನದೇ ರಾಜ್ಯ. ಸೂಜಿಮುಳ್ಳು ಮೊದಲು ಹೇಳಿದ್ದು ಅಲ್ಲಿ ಗೊತ್ತಾಗುತ್ತದೆ, ಪಕ್ಕದಲ್ಲಿ ಬೇರೆಯವರ ಹಾಡಿಲ್ಲದಿದ್ದರೆ ಅವನ ತಲೆಹರಟೆ ಬೇಗ ಹಳಸುತ್ತದೆ. ಅವನಿಗೆ ಈ ತಂಡ ಬೇಕಿತ್ತು. ತಂಡಕ್ಕೂ ಅವನು ಬೇಕಿತ್ತು ಅನ್ನುವುದನ್ನು ನಾನು ಒಲ್ಲದ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ಮಿಕ್ ಫ್ಲೀಟ್‌ವುಡ್ ತನಗೆ ಅತಿ ಇಷ್ಟದ ಆಲ್ಬಮ್ ಇದೇ ಅಂತ ಹೇಳುತ್ತಾ ಬಂದಿದ್ದಾರೆ. ಡ್ರಮ್ಸ್ ಬದಲು ಡಬ್ಬ ಬಡಿದರೂ ಬೇಜಾರಿಲ್ಲದ ಡ್ರಮ್ಮರ್! ಇಂಥವರು ಎಲ್ಲಿ ಸಿಗುತ್ತಾರೆ.

ಸೂಜಿಮುಳ್ಳು

ಅದನ್ನೇ ನಾನೂ ಬರೆಯಬೇಕು ಅಂತಿದ್ದೆ. ಬಕಿಂಗ್‌ಹ್ಯಾಮ್ ಜಿದ್ದಿಗೆ ಬಿದ್ದ ಅಂತ ಎಲ್ಲರೂ ಹೇಳುತ್ತಾರೆ. ಆಯ್ತು ಮಾಡು ಅಂದ ನಾಲ್ಕು ಜನರ ಬಗ್ಗೆ ಯಾರೂ ಹೇಳುವುದಿಲ್ಲ. ಆ ಹೊತ್ತಿಗೆ ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದವರೂ ಫ್ಲೀಟ್‌ವುಡ್ಡೇ. ಬೇಡ ಅನ್ನುವ ಅಧಿಕಾರ ಇತ್ತು, ಕಂಪನಿ ಮುಂದೆ ಜೋಡಿ ಆಲ್ಬಮ್ ಬೇಕೇ ಬೇಕು ಅಂತ ನಿಂತರು. ಜಾನ್ ಮ್ಯಾಕ್‌ವೀಗೆ ಈ ಹಾಡುಗಳು ಅಷ್ಟಾಗಿ ಹಿಡಿಸಿರಲಿಲ್ಲ, ಆದರೂ ತನ್ನ ಕೆಲಸ ಇದ್ದ ಕಡೆ ಬಂದು ಚೆನ್ನಾಗಿ ನುಡಿಸಿಕೊಟ್ಟು ಹೋದರು.

ಹೊಸ ಕಿವಿ, ಮುಗಿಸಿದಿರಾ?

ಹೊಸ ಕಿವಿ

ಮುಗಿಸಿದೆ ಸರ್. ‘ವಾಕ್ ಎ ಥಿನ್ ಲೈನ್’ ಬಗ್ಗೆ ಇಲ್ಲಿ ಒಬ್ಬರೂ ಒಂದು ಅಕ್ಷರ ಬರೆದಿಲ್ಲ, ನನಗೆ ಇಡೀ ಆಲ್ಬಮ್‌ನಲ್ಲಿ ಅದೇ ಜಾಸ್ತಿ ಹಿಡಿಸಿತು. ಡ್ರಮ್ಸ್ ಎರಡು ಮೂರು ಕಡೆಯಿಂದ ಉರುಳಿಕೊಂಡು ಬರುತ್ತದೆ, ಒಂದಕ್ಕೊಂದು ಕೂಡುವುದೇ ಇಲ್ಲ, ಆದರೂ ಹಾಡು ಕೆಡುವುದಿಲ್ಲ. ‘ರೂಮರ್ಸೇ ಸಾಕು’ ಅವರ 12ರ ಪಟ್ಟಿಯಲ್ಲೂ ಇಲ್ಲ.

ರೂಮರ್ಸೇ ಸಾಕು

ಇಲ್ಲ, ಇರುವುದೂ ಇಲ್ಲ. ಶಾಲ್ಮಲೆ ಮೇಡಂ ಕಾಟಕ್ಕೆ ‘ಸ್ಟಾರ್ಮ್ಸ್’ ಇನ್ನೊಮ್ಮೆ ಕೇಳಿದೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ‘ಐ ನೋ ಐಯಾಮ್ ನಾಟ್ ರಾಂಗ್’ ತೆಗೆದು ಆ ಜಾಗಕ್ಕೆ ಹಾಕುತ್ತೇನೆ. ಆದರೆ 12 ಅಂದರೆ 12.

ಟೇಪ್ ತಿರುಗು

ಅದನ್ನು ತೆಗೀತೀರಾ? ಇಡೀ ಆಲ್ಬಮ್‌ನಲ್ಲಿ ನಾನು ಬಿಟ್ಟುಕೊಡದ ಹಾಡು ಅದೊಂದೇ ಸ್ವಾಮಿ. ನಾಳೆ ಬರುತ್ತೇನೆ, ಅದರ ಬಗ್ಗೆಯೇ ಒಂದು ಪುಟ ಬರೆಯುವುದಿದೆ.